ಬಾಗಿಲಲ್ಲಿ ನಿಂತವಳ ಕೈಯಲ್ಲಿ

ಮಾರ್ಚ್ ೪

ಅತ್ತೆ,

ಕಲ್ಲು ಮುಗಿಯಿತು! ಮೂರು ವರ್ಷದಿಂದ ಈ ಸ್ಟುಡಿಯೋದಲ್ಲಿ ನಾನು ಮಾಡಿದ್ದು ಕಲ್ಲು, ಪೀಪಾಯಿ, ಮುರಿದ ಬೇಲಿ, ಮತ್ತೆ ಕಲ್ಲು. ಒಂದೊಂದು ಕಲ್ಲಿಗೂ ಪಾಚಿ, ಬಿರುಕು, ಬಿಸಿಲು ಬಿದ್ದ ಕಡೆ ಬೇರೆ ಬಣ್ಣ. ಆಟ ಆಡುವವರು ಅದರ ಮೇಲೆ ಕಾಲಿಟ್ಟು ಹಾರಿ ಹೋಗುತ್ತಾರೆ, ಕಣ್ಣೆತ್ತಿಯೂ ನೋಡುವುದಿಲ್ಲ. ಇವತ್ತು ಗಡ್ಡದವರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ನಮ್ಮ ಚಿತ್ರ ವಿಭಾಗದ ಮುಖ್ಯಸ್ಥರು ಅವರು. ಮಾತು ಕಡಿಮೆ, ಗಡ್ಡ ಜಾಸ್ತಿ. "ಕಲ್ಲು ಸಾಕು. ನಿಂಗೊಂದು ಹೆಂಗಸನ್ನ ಕೊಡ್ತೀನಿ, ಮಾಡು" ಅಂದರು. ನಾನು ಕೂತಲ್ಲೇ ಕುಣಿದುಬಿಟ್ಟೆ.

ಯಾವ ಆಟ, ಯಾವ ಹೆಂಗಸು ಅಂತ ಹೇಳುವ ಹಾಗಿಲ್ಲ. ಹೊರಗೆ ಬಾಯಿಬಿಡುವುದಿಲ್ಲ ಅಂತ ಸಹಿ ಮಾಡಿಸಿಕೊಂಡಿದ್ದಾರೆ, ಬಾಗಿಲಲ್ಲೇ ಫೋನು ಕಿತ್ತಿಟ್ಟುಕೊಳ್ಳುತ್ತಾರೆ. ಇಷ್ಟು ಹೇಳಬಹುದು: ಮೇ ಕೊನೆಗೆ ಅವಳನ್ನು ಎಲ್ಲರ ಮುಂದೆ ತೋರಿಸಬೇಕು. ಒಪ್ಪಿದರೆ ನಾನು ಇಲ್ಲಿ ಕಾಯಂ. ಒಪ್ಪದಿದ್ದರೆ ಒಪ್ಪಂದ ಅಲ್ಲಿಗೇ ಮುಗಿಯುತ್ತದೆ. ನನಗಿದು ಬೇಕೇ ಬೇಕು ಅತ್ತೆ. ಇಷ್ಟು ಬೇಕು ಅಂತ ನಾನು ಯಾವುದಕ್ಕೂ ಹಟ ಹಿಡಿದಿಲ್ಲ.

ಈಗ ಸುಮ್ಮನೆ ಒಂದು ಪ್ರಶ್ನೆ. ನೀನು ಆ ಸೈಕಲ್ ಅಂಗಡಿಯ ಮಹಡಿ ಮೇಲೆ ಕೂತು ಆಟಗಳಿಗೆ ಚಿತ್ರ ಬರೆಯುತ್ತಿದ್ದೆಯಲ್ಲ, ಹದಿನಾರು ಚುಕ್ಕಿ ಅಗಲದಲ್ಲಿ ಇಡೀ ಮನುಷ್ಯನನ್ನು ಹೇಗೆ ಕೂರಿಸುತ್ತಿದ್ದೆ? ಯಾವುದನ್ನು ಬಿಡುವುದು ಅಂತ ಹೇಗೆ ಗೊತ್ತಾಗುತ್ತಿತ್ತು? ಉದಾಹರಣೆಗೆ ನಿನ್ನ 'ಸುರಂಗ' ಆಟದ ಕೊನೆಯಲ್ಲಿ ಬಾಗಿಲ ಹತ್ತಿರ ನಿಂತಿರುತ್ತಾಳಲ್ಲ, ಚೂರಿಯವಳು. ಅವಳ ಕೈಗೆ ಚೂರಿ ಕೊಡಬೇಕು ಅಂತ ನಿನಗೆ ಯಾಕೆ ಹೊಳೆಯಿತು? ನೆನಪಿದೆಯಾ, ಶಾಲೆಯ ಗೆಳತಿಯ ಮನೆಯಲ್ಲಿ ಆ ಆಟದ ಡಬ್ಬಿ ನೋಡಿ ಹೆದರಿ ಬಂದು ನಿನ್ನ ಪಕ್ಕ ಮಲಗಿದ್ದೆ. ನೀನು ಏನೂ ಹೇಳದೆ ಗೋಡೆ ಕಡೆ ತಿರುಗಿಕೊಂಡೆ.

ಗಂಟಲು ಹೇಗಿದೆ? ಮಾತು ಬರದಿದ್ದರೂ ಟೈಲ್ಸ್ ಅಂಗಡಿಗೆ ಬಂದವರನ್ನು ಕಣ್ಣಲ್ಲೇ ಬೈಯುತ್ತೀಯ ಅಂತ ಗೊತ್ತು.

ನಿನ್ನ
ಮೆಣಸಿ


ಮಾರ್ಚ್ ೧೫

ಮೆಣಸಿ,

ಪತ್ರ ಸಿಕ್ಕಿತು. "ಸುಮ್ಮನೆ ಒಂದು ಪ್ರಶ್ನೆ" ಅಂತೆ! ನೀನು ಸುಮ್ಮನೆ ಕೇಳುವ ಜಾತಿಯವಳೇ? ಹೋಗಲಿ, ಸಹಿ ಮಾಡಿದ್ದೀಯ, ನಾನು ಕೆದಕುವುದಿಲ್ಲ.

ಕಲ್ಲು ಮುಗಿದಿದ್ದಕ್ಕೆ ಸಂತೋಷ. ಆದರೆ ಕಲ್ಲನ್ನು ಹೀಗಳೆಯಬೇಡ. ಕಾಲಿಡಲು ಜಾಗವಿಲ್ಲದೆ ಯಾವ ವೀರನೂ ಮುಂದೆ ಹೋಗುವುದಿಲ್ಲ. ನಾನೀಗ ದಿನವೆಲ್ಲ ಜನರ ಬಚ್ಚಲಿಗೆ ಟೈಲ್ಸ್ ಹೇಗೆ ಜೋಡಿಸಬೇಕು ಅಂತ ನಕ್ಷೆ ಬರೆಯುತ್ತೇನೆ. ಅದೂ ಚೌಕ, ಇದೂ ಚೌಕ. ಹಣೆಬರಹದಲ್ಲೇ ಚೌಕ ಬರೆದಿದ್ದಾನೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಆಗ ನಮ್ಮ ಹತ್ತಿರ ಇದ್ದಿದ್ದು ಗ್ರಾಫ್ ಹಾಳೆ, ಬಣ್ಣದ ಪೆನ್ಸಿಲು, ಹದಿನಾರು ಬಣ್ಣ. ಅದರಲ್ಲೂ ಒಂದು ಚಿತ್ರಕ್ಕೆ ಮೂರೋ ನಾಲ್ಕೋ. ನಾನು ಚೌಕ ತುಂಬಿಸಿ ಕೊಡುತ್ತಿದ್ದೆ, ಸೋಡಾಬುಡ್ಡಿ ಅದನ್ನು ಅಂಕಿ ಮಾಡಿ ಯಂತ್ರಕ್ಕೆ ಉಣಿಸುತ್ತಿದ್ದ. ಪ್ರೋಗ್ರಾಂ ಬರೆಯುವವನು ಅವನು, ಕನ್ನಡಕ ತೆಗೆದರೆ ಬಾಗಿಲಿಗೂ ಗೋಡೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ಚುಕ್ಕಿ ತಪ್ಪಿದರೆ ಮೂಗು ಗದ್ದವಾಗುತ್ತಿತ್ತು. ನಿಮ್ಮ ಹಾಗೆ ಹಿಂದೆ ಹೋಗುವ ಗುಂಡಿ ಇರಲಿಲ್ಲ. ರಬ್ಬರು ಉಜ್ಜಿ ಉಜ್ಜಿ ಹಾಳೆ ತೂತಾಗುತ್ತಿತ್ತು. ದೀಪ ಹಿಡಿದು ಸುರಂಗದಲ್ಲಿ ನಡೆಯುವವನಿಗೆ ನಾಲ್ಕೇ ಹೆಜ್ಜೆ ಬರೆದೆ. ಆ ನಾಲ್ಕನ್ನೇ ತಿರುಗಿಸಿ ತಿರುಗಿಸಿ ಅವನು ಮೈಲಿಗಟ್ಟಲೆ ನಡೆದ.

ಏನು ಬಿಡಬೇಕು ಅಂದೆಯಲ್ಲ? ಯಾವುದನ್ನು ತೆಗೆದರೆ ಆ ಮನುಷ್ಯ ಬೇರೆ ಯಾರೋ ಆಗಿಬಿಡುತ್ತಾನೋ ಅದನ್ನು ಬಿಡಬಾರದು, ಉಳಿದದ್ದೆಲ್ಲ ಬಿಡಬಹುದು. ನಿನ್ನನ್ನು ಬರೆದರೆ ಕೂದಲು ಬಿಡುತ್ತೇನೆ, ಮೂಗು ಬಿಡುತ್ತೇನೆ, ಒಂಟಿ ಕಾಲುಚೀಲ ಬಿಡುವುದಿಲ್ಲ. ಹುಟ್ಟಿದಾಗಿನಿಂದ ನಿನಗೆ ಎರಡು ಕಾಲಿಗೂ ಚೀಲ ಇದ್ದಿದ್ದನ್ನು ನಾನು ನೋಡಿಲ್ಲ. ಅಲ್ಲಿ ಚಳಿಯಂತೆ, ಈಗಲಾದರೂ ಎರಡನ್ನೂ ಹಾಕಿಕೋ.

ಕೊನೆಯ ಹೆಂಗಸಿನ ವಿಷಯ ನನಗೆ ಸರಿಯಾಗಿ ನೆನಪಿಲ್ಲ.

ಗಂಟಲು ಇದ್ದಲ್ಲೇ ಇದೆ. ಆಪರೇಷನ್ ಮಾಡಿದವರು ಬರೆದುಕೊಂಡೇ ಬದುಕಿ ಅಂದಿದ್ದಾರೆ. ಫೋನಿನಲ್ಲಿ ಟೈಪು ಮಾಡಲು ನನ್ನ ಬೆರಳಿಗೂ ಅಕ್ಷರಕ್ಕೂ ಆಗಿಬರುವುದಿಲ್ಲ. ಕಾಗದವೇ ಸರಿ.

ಅತ್ತೆ


ಏಪ್ರಿಲ್ ೨

ಅತ್ತೆ,

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ನಿನ್ನಿಂದ ಕಲಿಯಬೇಕು. ನಾಲ್ಕು ಹೆಜ್ಜೆ ನೆನಪಿದೆ, ರಬ್ಬರಿನ ತೂತು ನೆನಪಿದೆ, ಇಡೀ ಲೋಕಕ್ಕೆ ಗೊತ್ತಿರುವ ಹೆಂಗಸು ಮಾತ್ರ ನೆನಪಿಲ್ಲ! ಚೂರಿಯವಳ ಮೇಲೆ ಜನ ಪುಟಗಟ್ಟಲೆ ಬರೆದಿದ್ದಾರೆ. ಅವಳ ಹತ್ತಿರ ಹೋದ ತಕ್ಷಣ ಪರದೆ ಕಪ್ಪಾಗುತ್ತದಲ್ಲ, ಆಗ ಕೊಂದಳೋ, ಕಣ್ಣು ಕಿತ್ತಳೋ ಅಂತ ಇವತ್ತಿಗೂ ಜಗಳ ನಡೆಯುತ್ತದೆ. ಕೈ ತೋಳಿನ ಮೇಲೆ ಓರೆಯಾಗಿ ಬಿಳಿ ಅಲಗು, ತುದಿಯಲ್ಲಿ ಎರಡು ಕೆಂಪು ಚುಕ್ಕಿ. ಎರಡೇ ಚುಕ್ಕಿಯಲ್ಲಿ ರಕ್ತ! ಬರೆದದ್ದು ನಮ್ಮತ್ತೆ ಅಂತ ಇಲ್ಲಿ ಒಬ್ಬರಿಗೂ ಹೇಳಿಲ್ಲ. ಹೇಳಿದರೆ ಅತ್ತೆಯ ಹೆಸರಲ್ಲಿ ಬಂದವಳು ಅನ್ನುತ್ತಾರೆ.

ನನ್ನ ಕೆಲಸ ಭರದಿಂದ ನಡೆದಿದೆ. ಮೊದಲು ಮಣ್ಣಿನ ಮುದ್ದೆ ತಿದ್ದಿದ ಹಾಗೆ ತಲೆ, ಭುಜ, ಬೆನ್ನು. ಮಣ್ಣಿಲ್ಲ ಅಷ್ಟೆ, ಕೈಯಲ್ಲಿ ಪೆನ್ನು, ಎದುರಿಗೆ ಪರದೆ. ಆಮೇಲೆ ಚರ್ಮ. ಮೂಗಿನ ಪಕ್ಕದ ರಂಧ್ರಗಳನ್ನೂ ಒಂದೊಂದಾಗಿ ಒತ್ತಿದ್ದೇನೆ. ಮುಖಕ್ಕೆ ಮಾತ್ರ ಒದ್ದಾಡಿದೆ. ಯಾರ ಮುಖ ಇಟ್ಟರೂ ನಾಟಕದವಳ ಹಾಗೆ ಕಾಣುತ್ತಿತ್ತು. ನಮ್ಮಲ್ಲಿ ಎಲ್ಲರ ಮೇಜಿನ ಮೇಲೂ ಒಂದು ಸಣ್ಣ ಕನ್ನಡಿ ಇರುತ್ತದೆ, ಹುಬ್ಬು ಗಂಟಿಕ್ಕಿದರೆ ಕೆನ್ನೆ ಎಲ್ಲಿ ಎಳೆಯುತ್ತದೆ ಅಂತ ನೋಡಿಕೊಳ್ಳಲು. ಕೊನೆಗೆ ಅದರಲ್ಲಿ ನನ್ನನ್ನೇ ನೋಡಿಕೊಂಡೆ. ಯಾರ ಮೇಲೆ ಸಿಟ್ಟಿದೆ ಅಂತ ಹುಡುಕಿದೆ. ಇತ್ತು. ಅದನ್ನೇ ಇಟ್ಟೆ. ಗಡ್ಡದವರು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು!

ಪರದೆಯ ಚಿತ್ರ ಹೊರಗೆ ಕಳಿಸುವ ಹಾಗಿಲ್ಲ. ಅದಕ್ಕೇ ಮುಖವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಹೇಗಿದೆ ಹೇಳು. ಹೊಗಳಬೇಕು ಅಂತೇನಿಲ್ಲ. ಸುಳ್ಳು, ಹೊಗಳಬೇಕು.

ಮೆಣಸಿ


ಏಪ್ರಿಲ್ ೨೯

ಮೆಣಸಿ,

ಚಿತ್ರ ಸಿಕ್ಕಿ ಬಹಳ ದಿನವಾಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು.

ಕೈ ಪಳಗಿದೆ. ಕೆನ್ನೆಯ ಮೂಳೆ ಸರಿಯಾಗಿ ಬಂದಿದೆ. ಅದರಲ್ಲಿ ಎರಡು ಮಾತಿಲ್ಲ.

ಆ ಹೆಂಗಸನ್ನು ಬೇರೆ ಯಾರಿಗಾದರೂ ಕೊಟ್ಟು ನೀನು ಬೇರೆ ಏನಾದರೂ ಕೇಳಿ ತೆಗೆದುಕೊಳ್ಳಲು ಆಗುವುದಿಲ್ಲವೇ? ಮರವೋ, ಕುದುರೆಯೋ. ಕಲ್ಲು ಮಾಡುವುದರಲ್ಲೂ ತಪ್ಪೇನಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ


ಮೇ ೬

ಅತ್ತೆ,

ನಿನ್ನ ಪತ್ರ ಮೂರು ಸಲ ಓದಿದೆ. ಬಹುಶಃ ಇನ್ನೊಂದು ಹಾಳೆ ಲಕೋಟೆಯಲ್ಲೇ ಉಳಿದಿರಬೇಕು ಅಂತ ಹರಿದು ಬಿಡಿಸಿಯೂ ನೋಡಿದೆ. ಇಲ್ಲ. ಅಷ್ಟೇ. ಕುದುರೆ ಕೇಳು, ಮರ ಕೇಳು, ಊಟ ಮಾಡು.

ಇಲ್ಲಿ ಏನು ನಡೆಯುತ್ತಿದೆ ಗೊತ್ತಾ? ಹೋದ ವಾರ ಸ್ಟುಡಿಯೋದ ಯಜಮಾನಿ ಎಲ್ಲರನ್ನೂ ಕರೆದು, ಹೇಳಿದ್ದನ್ನು ಕೇಳಿ ತಾನೇ ಚಿತ್ರ ಬರೆಯುವ ಯಂತ್ರಕ್ಕೆ ನಾಲ್ಕು ಮಾತು ಟೈಪು ಮಾಡಿದರು. ಚೂರಿ, ಹೆಂಗಸು, ಬಾಗಿಲು, ಕತ್ತಲೆ. ಟೀ ಆರುವುದರೊಳಗೆ ಗೋಡೆ ತುಂಬ ಚೂರಿಯವಳು. "ಇದು ಇಷ್ಟ್ ಬೇಗ ಕೊಡತ್ತೆ. ನೀವು ಮೂರ್ ತಿಂಗ್ಳು ತಗೊಳ್ತೀರ. ಆ ಮೂರ್ ತಿಂಗ್ಳಲ್ಲಿ ಏನ್ ಜಾಸ್ತಿ ಇದೆ ಅಂತ ನಂಗೆ ತೋರ್ಸಿ" ಅಂದರು. ನಗುತ್ತಲೇ ಅಂದರು. ನನ್ನ ಪಕ್ಕದ ಮೇಜು ಆಮೇಲೆ ಖಾಲಿಯಾಯಿತು. ಅವನು ಹುಲ್ಲು ಮಾಡುತ್ತಿದ್ದ. ನನಗೆ ಕತ್ತಿಯ ಅಲುಗಿನ ಮೇಲೆ ನಡೆದ ಹಾಗಾಗಿದೆ, ನೀನು ಕುದುರೆ ಕೇಳು ಅನ್ನುತ್ತೀಯ.

ಒಂದು ಮಾತು ಕೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದಾಗದು. ನಿನಗೆ ಹೊಟ್ಟೆಕಿಚ್ಚಾ? ನೀನು ಹದಿನಾರು ಚುಕ್ಕಿಯಲ್ಲಿ ಮಾಡಿ ಬಿಟ್ಟುಬಂದದ್ದನ್ನು ನಾನು ಇಷ್ಟು ದೊಡ್ಡದಾಗಿ ಮಾಡುತ್ತಿದ್ದೇನೆ ಅಂತಲಾ? ಹೌದು, ಅವಳೇ. ಚೂರಿಯವಳೇ. 'ಸುರಂಗ'ವನ್ನೇ ಇಲ್ಲಿ ಹೊಸದಾಗಿ ಮಾಡುತ್ತಿದ್ದಾರೆ. ಸಹಿ ಮಾಡಿದ್ದು ಮುರಿದೆ, ಸಾಕಾ? ನಿನಗೆ ಮೊದಲ ದಿನವೇ ಗೊತ್ತಾಗಿದೆ ಅಂತ ನನಗೂ ಗೊತ್ತು. ನೀನು ಆ ಕೆಲಸ ಯಾಕೆ ಬಿಟ್ಟೆ ಅಂತ ಒಂದು ದಿನವೂ ಹೇಳಲಿಲ್ಲ. ಕೇಳಿದಾಗಲೆಲ್ಲ ಗೋಡೆ ಕಡೆ ತಿರುಗಿಕೊಂಡೆ. ನಮ್ಮಮ್ಮನ ಬಗ್ಗೆ ಕೇಳಿದರೂ ಅದೇ ಗೋಡೆ. ಒಂದು ಮದುವೆ ಫೋಟೋ ಬಿಟ್ಟರೆ ಆ ಮನೆಯಲ್ಲಿ ನನಗೆ ಸಿಕ್ಕಿದ್ದು ನಿನ್ನ ಬೆನ್ನು.

ಮೇ ಮೂವತ್ತಕ್ಕೆ ತೋರಿಸಬೇಕು. ತೋರಿಸುತ್ತೇನೆ. ನೀನು ಒಪ್ಪಬೇಕಾಗಿಲ್ಲ.

ಮೆಣಸಿ


ಮೇ ೧೩

ಮೆಣಸಿ,

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಅದಕ್ಕೇ ನಾನು ತಕ್ಷಣ ಉತ್ತರ ಬರೆಯಲಿಲ್ಲ. ಬರೆದಿದ್ದರೆ ನಿನ್ನ ಮೂಗು ಉಳಿಯುತ್ತಿರಲಿಲ್ಲ.

ಹೊಟ್ಟೆಕಿಚ್ಚು ಅಂದೆ. ನಿನ್ನನ್ನು ಸಾಕಿದವಳಿಗೆ ಅಂದೆ. ಆ ಮಾತಿಂದ ನೋವಾಯಿತು ಕಣೇ. ಸುತ್ತಿ ಬಳಸಿ ಹೇಳುವುದಿಲ್ಲ, ನೋವಾಯಿತು.

ಈಗ ಕೇಳು. ನೀನು ಅವಳನ್ನು ಯಾವುದರಲ್ಲಿ ನೋಡಿದ್ದೀಯ? ನಿನ್ನ ಚಪ್ಪಟೆ ಪರದೆಯಲ್ಲಿ, ಒಂದೊಂದು ಚುಕ್ಕಿಯನ್ನೂ ಬೆರಳಗಲ ಹಿಗ್ಗಿಸಿ. ನಾವು ಅದಕ್ಕೆ ಬರೆದವರಲ್ಲ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗೆ, ಆ ಉಬ್ಬಿದ ಗಾಜಿಗೆ ಬರೆದವರು. ಆ ಗಾಜಿನಲ್ಲಿ ಚುಕ್ಕಿ ಚೌಕವಾಗಿ ನಿಲ್ಲುವುದಿಲ್ಲ, ಪಕ್ಕದ ಚುಕ್ಕಿಗೆ ಸೋರುತ್ತದೆ. ಬಿಳಿ ಪಕ್ಕ ಕಂದು ಇಟ್ಟರೆ ಎರಡೂ ಕಲೆತು ಮೆತ್ತಗಾಗುತ್ತದೆ. ಅದನ್ನು ಲೆಕ್ಕ ಹಾಕಿಯೇ ನಾವು ಚೌಕ ತುಂಬಿಸುತ್ತಿದ್ದೆವು. ಗುಜರಿಯಲ್ಲಿ ಒಂದು ಹಳೆ ಟಿವಿ ಹುಡುಕು. ಕೊನೆಯ ಬಾಗಿಲಿಗೆ ಹೋಗಿ ಆಟ ನಿಲ್ಲಿಸು. ಮೂಗು ತಾಗಿಸಿಕೊಂಡು ಕೂರಬೇಡ, ಕೋಣೆಯ ಆ ಕಡೆ ಹೋಗಿ ನಿಂತು ನೋಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ನೋಡಿದ ಮೇಲೂ ಚೂರಿಯೇ ಕಂಡರೆ ಚೂರಿಯೇ ಮಾಡು, ಅಚ್ಚುಕಟ್ಟಾಗಿ ಮಾಡು. ನಾನು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೇಳಿದರೆ ಕೆಲಸ ಬಿಟ್ಟು ಬಾ ಅಂದ ಹಾಗಾಗುತ್ತದೆ. ಆ ಪಾಪ ನನಗೆ ಬೇಡ.

ಅತ್ತೆ


ಮೇ ೨೫

ಅತ್ತೆ,

ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ.

ಗುಜರಿ ಅಂಗಡಿಯವನು ಟಿವಿಗೆ ದುಡ್ಡೇ ಬೇಡ ಅಂದ, ಜಾಗ ಖಾಲಿಯಾದರೆ ಸಾಕು ಅಂದ. ನಾನೂ ಸ್ಟುಡಿಯೋದ ಕಾವಲುಗಾರನೂ ಸೇರಿ ಹೊತ್ತು ತಂದೆವು. "ಏನಮ್ಮಾ ಇದು, ಒಳಗೆ ಕಲ್ಲು ತುಂಬಿದೀಯಾ?" ಅಂದ ಅವನು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೀಟಿಂಗ್ ಕೋಣೆಯಲ್ಲಿ ಜೋಡಿಸಿದೆ. ಹಚ್ಚಿದರೆ ಸುಟ್ಟ ಧೂಳಿನ ವಾಸನೆ, ಕಿವಿಯಲ್ಲಿ ಸಣ್ಣ ಶಿಳ್ಳೆ. ದೀಪದವನನ್ನು ನಡೆಸಿಕೊಂಡು ಕೊನೆಯವರೆಗೆ ಹೋದೆ, ಕಪ್ಪಾಗುವ ಮೊದಲು ನಿಲ್ಲಿಸಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು. ಚೂರಿ ಇತ್ತು. ನನಗೆ ನಿನ್ನ ಮೇಲೆ ಮತ್ತೆ ಸಿಟ್ಟು ಬಂತು.

ಕೋಣೆಯ ಆ ಕಡೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ನೋಡಿದೆ. ಅಲಗು ಮೆತ್ತಗಾಯಿತು. ಅದಕ್ಕೆ ಅಂಚೇ ಇರಲಿಲ್ಲ, ಬಟ್ಟೆಯ ಮಡಿಕೆ ಇತ್ತು. ಹಿಡಿ ಅಂದುಕೊಂಡಿದ್ದ ಕಪ್ಪು ಚುಕ್ಕಿಗಳು ಅವಳ ಭುಜಕ್ಕೆ ಒರಗಿದ ಒಂದು ಪುಟ್ಟ ತಲೆ. ಅವಳು ಏನನ್ನೂ ಹಿಡಿದಿರಲಿಲ್ಲ, ಎತ್ತಿಕೊಂಡಿದ್ದಳು. ಹೊದಿಕೆಯಿಂದ ಹೊರಗೆ ಚಾಚಿದ್ದು ಒಂದು ಕಾಲು. ತುದಿಯಲ್ಲಿ ಕೆಂಪು.

ಕಾಲುಚೀಲ. ಒಂದೇ ಕಾಲಿಗೆ.

ಅತ್ತೆ, ಅದು ನಾನು. ಅವಳು ನಮ್ಮಮ್ಮ. ಹೌದು ತಾನೇ?

ಮೂರು ತಿಂಗಳಿಂದ ನಾನು ನಮ್ಮಮ್ಮನನ್ನು ಕೊಲೆಗಾತಿ ಮಾಡುತ್ತ ಕೂತಿದ್ದೆ. ಅವಳ ಕೈಯಿಂದ ನನ್ನನ್ನೇ ಕಿತ್ತು ಚೂರಿ ಇಟ್ಟಿದ್ದೇನೆ. ಆ ಮುಖ ನೋಡಿ ನಿನಗೆ ಹೇಗಾಗಿರಬೇಕು! ಕನ್ನಡಿ ನೋಡಿಕೊಂಡು ಮಾಡಿದ ಮುಖ, ಅವಳ ಹಾಗೇ ಬಂದಿದೆ ತಾನೇ? ಪತ್ರದಲ್ಲಿ ಒಂದು ಮಾತು ಬರೆದಿದ್ದರೆ ಆಗುತ್ತಿತ್ತು. ನಾನು ನಿನಗೆ ಹೊಟ್ಟೆಕಿಚ್ಚು ಅಂದೆ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

ತಿರುಗಿದರೆ ಗಡ್ಡದವರು ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಟಿವಿ ನೋಡಿದರು, ನನ್ನನ್ನು ನೋಡಿದರು. "ಚಿಕ್ಕೋನಿದ್ದಾಗ ನಾನೂ ಇದೇ ಥರ ಟಿವೀಲೇ ಆಡಿದ್ದೆ. ಅವತ್ತು ಚೂರಿನೇ ಕಾಣ್ತಿತ್ತು" ಅಂದರು. ಅಷ್ಟೇ ಹೇಳಿ ಹೋದರು.

ಐದು ದಿನ ಉಳಿದಿದೆ. ಪೋಸ್ಟರುಗಳು ಆಗಲೇ ಹೊರಬಿದ್ದಿವೆ, ಎಲ್ಲದರಲ್ಲೂ ಚೂರಿ. ಏನು ಮಾಡಲಿ? ಬೇಗ ಬರಿ. ಈ ಸಲ ಗೋಡೆ ಕಡೆ ತಿರುಗಬೇಡ.

ಮೆಣಸಿ


ಮೇ ೨೯

ಕಂದಾ,

ಈ ಪತ್ರ ಹೊತ್ತಿಗೆ ಮುಟ್ಟುತ್ತದೋ ಇಲ್ಲವೋ. ನಿನ್ನದು ಇವತ್ತು ಬೆಳಿಗ್ಗೆ ಬಂತು. ಅಂಗಡಿಗೆ ರಜೆ ಹಾಕಿ ಕೂತು ಬರೆಯುತ್ತಿದ್ದೇನೆ.

ಹೌದು. ನಿಮ್ಮಮ್ಮನೇ.

ಮಧ್ಯಾಹ್ನ ಅವಳು ನನಗೆ ಊಟದ ಡಬ್ಬಿ ತರುತ್ತಿದ್ದಳು. ನಿಮ್ಮಪ್ಪ ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಸುದ್ದಿಯಿಲ್ಲ, ಮನೆಯಲ್ಲಿ ನಾನೂ ಅವಳೂ ನೀನೂ. ಮಹಡಿಯ ಮೆಟ್ಟಿಲು ಕತ್ತಲು, ಯಂತ್ರಕ್ಕೆ ಧೂಳು ಹತ್ತುತ್ತದೆ ಅಂತ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅದಕ್ಕೆ ಅವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಒಂದು ತೋಳಲ್ಲಿ ನೀನು, ಬಿಳಿ ಹೊದಿಕೆ ಸುತ್ತಿಕೊಂಡು, ಒಂದು ಕಾಲು ಹೊರಗೆ. ಬೆಳಗಿನಿಂದ ಆ ಗ್ರಾಫ್ ಚೌಕಗಳನ್ನು ನೋಡಿ ನೋಡಿ ಕಣ್ಣು ಉರಿಯುವಾಗ ತಲೆಯೆತ್ತಿದರೆ ಬಾಗಿಲಲ್ಲಿ ನೀವಿಬ್ಬರು. ಆ ಕ್ಷಣಕ್ಕೆ ಸಮನಾದದ್ದು ನನ್ನ ಬದುಕಿನಲ್ಲಿ ಬೇರೆ ಇಲ್ಲ. ಕತ್ತಲಲ್ಲಿ ಅಷ್ಟು ದೂರ ನಡೆದು ಬಂದವನಿಗೆ ಬಾಗಿಲಲ್ಲಿ ಯಾರಾದರೂ ಕಾಯುತ್ತಿರಬೇಕು ಅಂತ ನಾನು ಅವಳನ್ನು ಬರೆದೆ. ಮುಂದೆ ಅವನು ಒಳಗೆ ಹೋಗುವುದು, ದೀಪ ಆರಿಸಿ ಮಲಗುವುದು, ಅದೂ ಬರೆದಿದ್ದೆ. ಸೋಡಾಬುಡ್ಡಿ ಬಂದು, "ಅಕ್ಕಾ, ಮೆಮೊರಿ ತುಂಬೋಯ್ತು. ಇನ್ನೊಂದ್ ಚಿತ್ರನೂ ಹಿಡಿಯಲ್ಲ. ಕಪ್ಪು ಮಾಡ್ಬಿಡ್ಲಾ?" ಅಂದ. ಮಾಡು ಅಂದೆ. ಲೋಕವೆಲ್ಲ ಜಗಳವಾಡುವ ಆ ಕಪ್ಪು ಅಷ್ಟೇ ಕಣೇ, ಜಾಗ ಸಾಲದೆ ಆದದ್ದು.

ಡಬ್ಬಿಯ ಚಿತ್ರ ಬರೆದವನು ಸಿನಿಮಾ ಪೋಸ್ಟರಿನ ಪೇಂಟರು. ಆಟ ನೋಡಿದವನೇ ಅಲ್ಲ. ಅವನಿಗೆ ಕೊಟ್ಟಿದ್ದು ಮಸಿ ಒರಟಾಗಿ ಬಿದ್ದ ಒಂದು ಪ್ರಿಂಟು. ಅದರಲ್ಲಿ ಅವನಿಗೆ ಚೂರಿ ಕಂಡಿತು, ಆಳೆತ್ತರಕ್ಕೆ ಬರೆದ. ನಾನು ಕಂಪನಿಯ ಧಣಿಯ ಮುಂದೆ ಹಾರಾಡಿದೆ. "ಮಗೂಗಿಂತ ಚೂರಿ ಚೆನ್ನಾಗಿ ಮಾರಾಟ ಆಗತ್ತೆ, ಸುಮ್ನಿರಮ್ಮ" ಅಂದ. ಮಾರಾಟವಾಯಿತು. ಡಬ್ಬಿ ನೋಡಿದ ಕಣ್ಣಿಗೆ ಗಾಜಿನಲ್ಲೂ ಚೂರಿಯೇ ಕಂಡಿತು, ಒಂದು ಗಳಿಗೆ ಕಾಣುವುದರೊಳಗೆ ಕಪ್ಪಾಗುತ್ತಿತ್ತಲ್ಲ. ಅದೇ ವರ್ಷ, ನೀನು ನಡೆಯಲು ಕಲಿತ ವರ್ಷ, ಅವಳು ಹೋದಳು. ಜ್ವರ ಬಂದದ್ದೇ ನೆಪ. ಬೀದಿಯಲ್ಲಿ ಅಂಗಡಿ ಅಂಗಡಿಯಲ್ಲೂ ಅವಳನ್ನು ಚೂರಿ ಹಿಡಿಸಿ ತೂಗುಹಾಕಿದ್ದರು. ನಾನು ಆ ಮಹಡಿ ಮತ್ತೆ ಹತ್ತಲಿಲ್ಲ. ನೀನು ಹೆದರಿ ಬಂದು ಪಕ್ಕ ಮಲಗಿದಾಗ ಏನು ಹೇಳಲಿ? ಅದು ನಿಮ್ಮಮ್ಮ, ಹೆದರಬೇಡ ಅಂತಲೇ? ಬಾಯಿ ಬರಲಿಲ್ಲ. ಆಗ ಗಂಟಲು ಗಟ್ಟಿಯಾಗಿಯೇ ಇತ್ತು, ಆದರೂ ಬರಲಿಲ್ಲ.

ಈಗ ನನ್ನ ಮಾತು ಕೇಳು. ಚೂರಿಯನ್ನೇ ಮಾಡಿ ಕೊಡು. ಹೋದವಳಿಗೆ ಅದು ಚುಚ್ಚುವುದಿಲ್ಲ. ನೀನು ಮೂರು ವರ್ಷ ಕಲ್ಲು ಹೊತ್ತು ಇಲ್ಲಿಯವರೆಗೆ ಬಂದಿದ್ದೀಯ. ನಿಮ್ಮಮ್ಮ ಇದ್ದಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು. ಕೆಲಸ ಬಿಡಬೇಡ. ಕಾಲು ಹಿಡಿದು ಕೇಳುತ್ತೇನೆ.

ಅತ್ತೆ


ಮೇ ೩೦

ಅತ್ತೆ,

ನಿನ್ನ ಉತ್ತರಕ್ಕೆ ಕಾದೆ, ಬರಲಿಲ್ಲ. ಬರೆಯುವುದಿಲ್ಲ ಅಂತಲೇ ಅಂದುಕೊಂಡೆ. ನಿನ್ನನ್ನು ಕೇಳದೆ ಮಾಡಿದ್ದೇನೆ, ಬೈದರೆ ಬೈಸಿಕೊಳ್ಳುತ್ತೇನೆ.

ಬೆಳಿಗ್ಗೆ ಎಲ್ಲರೂ ಸೇರಿದ್ದರು. ನಾನು ಚೂರಿಯವಳನ್ನು ತೋರಿಸಲಿಲ್ಲ. ಮೂಲೆಯಲ್ಲಿದ್ದ ಟಿವಿ ಹಚ್ಚಿ ದೀಪದವನನ್ನು ಬಾಗಿಲವರೆಗೆ ನಡೆಸಿ ನಿಲ್ಲಿಸಿದೆ. ಎಲ್ಲರೂ ಹಿಂದಿನ ಗೋಡೆಯ ಹತ್ತಿರ ಹೋಗಿ ನೋಡಿ ಅಂದೆ. ಕುರ್ಚಿಗಳು ಕಿರುಗುಟ್ಟಿದವು. ಯಾರೋ ಒಬ್ಬಳು "ಅಯ್ಯೋ" ಅಂದಳು.

ಯಜಮಾನಿ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಆದ್ರೆ ಮೂವತ್ತು ವರ್ಷದಿಂದ ಜನ ಚೂರಿಯವಳು ಅಂತ ಕರ್ದಿದಾರೆ. ಪೋಸ್ಟರ್ ಆಗಿದೆ. ಮಗು ಎತ್ಕೊಂಡು ನಿಂತ್ರೆ ಯಾರ್ ಹೆದರ್ತಾರೆ?" ಅಂದರು.

"ಹೆದರ್ಸೋಕಲ್ಲ ಮೇಡಂ ಅವಳು ನಿಂತಿರೋದು," ಅಂದೆ. "ಕಾಯೋಕೆ."

"ಅದು ನಿಂಗೆ ಹೇಗ್ ಗೊತ್ತು?"

ಆ ಪ್ರಶ್ನೆ ಬಂದಾಗ ನನ್ನ ಬಾಯಿಯವರೆಗೆ ಬಂತು ಅತ್ತೆ. ನಮ್ಮತ್ತೆ ಬರೆದದ್ದು, ನಮ್ಮಮ್ಮ ಅವಳು ಅಂತ. ನುಂಗಿಕೊಂಡೆ. ಹೇಳಿದ್ದರೆ ಅವರು ಚಿತ್ರ ನೋಡುವುದು ಬಿಟ್ಟು ನನ್ನ ಕಣ್ಣೀರು ನೋಡುತ್ತಿದ್ದರು. "ನೋಡಿದ್ರೆ ಗೊತ್ತಾಗತ್ತೆ" ಅಂದೆ ಅಷ್ಟೆ. ಗಡ್ಡದವರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಒಂದು ಮಾತು, ಒಂದೇ ಮಾತು ಆಡಲಿಲ್ಲ ಆ ಮನುಷ್ಯ!

"ಚೂರಿ ಬೇಕು" ಅಂದರು ಯಜಮಾನಿ. "ನನ್ ಕೈಲಿ ಆಗಲ್ಲ" ಅಂದೆ. ಹೆಂಗಸನ್ನು ನನ್ನಿಂದ ತೆಗೆದು ಗಡ್ಡದವರಿಗೇ ಕೊಟ್ಟರು. ನನ್ನ ಮುಖ, ನಾನು ಒತ್ತಿದ ಒಂದೊಂದು ರಂಧ್ರ, ಎಲ್ಲ ಅವರ ಯಂತ್ರಕ್ಕೆ ಹೋಯಿತು. ಕಾಯಂ ಅಂತೂ ಇಲ್ಲ. ಆಟ ಮುಗಿಯುವವರೆಗೆ ಕಲ್ಲು ಮಾಡು, ಆಮೇಲೆ ಜಾಗ ಖಾಲಿ ಮಾಡು ಅಂದಿದ್ದಾರೆ.

ಈಗ ಒಂದು ಕಲ್ಲು ಮಾಡುತ್ತಿದ್ದೇನೆ. ಸುರಂಗದ ಕೊನೆಯ ಬಾಗಿಲ ಪಕ್ಕದ್ದು. ಅಳು ಬರುತ್ತಿದೆ, ಆದರೆ ನಾಚಿಕೆ ಆಗುತ್ತಿಲ್ಲ.

ಮೆಣಸಿ


ನವೆಂಬರ್ ೧೧

ಅತ್ತೆ,

ಆಟ ಹೊರಗೆ ಬಂತು. ಇದರ ಜೊತೆ ಡಬ್ಬಿ ಕಳಿಸಿದ್ದೇನೆ. ಮೇಲಿನ ಚಿತ್ರ ನೋಡಿ ಎಸೆಯಬೇಡ. ಹೌದು, ಚೂರಿಯೇ. ಎದುರು ಮನೆಯ ನರ್ಸಿನ ಹತ್ತಿರ ಆಟದ ಯಂತ್ರ ಇದೆ ಅಂತ ಈಚೆಗೆ ಬರೆದಿದ್ದೆಯಲ್ಲ, ಅವಳಿಂದ ಹಾಕಿಸಿಕೊಂಡು ಕೊನೆಯವರೆಗೆ ಆಡು.

ನಾನು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಇದನ್ನು ನಿನ್ನಿಂದಲೇ ಕಲಿತದ್ದು.

ಇಲ್ಲಿ ನನ್ನ ಮೇಜು ಖಾಲಿ ಮಾಡಿ ಆಯಿತು. ಕನ್ನಡಿ ಮಾತ್ರ ತಂದಿದ್ದೇನೆ.

ಮೆಣಸಿ


ಡಿಸೆಂಬರ್ ೨

ಮೆಣಸಿ,

ಡಬ್ಬಿ ನೋಡಿ ಮೊದಲು ಅದನ್ನು ಕಪಾಟಿನ ಮೇಲಕ್ಕೆ ತಳ್ಳಿದೆ. ವಾರವಿಡೀ ಅಲ್ಲೇ ಇತ್ತು. ನರ್ಸು ಬಂದು ಬೈದು ತೆಗೆಸಿದಳು. ಆಡಿಸುವ ಆ ಗುಂಡಿಗಳು ನನ್ನ ಕೈಗೆ ದಕ್ಕಲಿಲ್ಲ; ಅವಳು ಆಡಿದಳು, ನಾನು ದಾರಿ ಹೇಳಿದೆ. ಹೇಳಿದೆ ಅಂದರೆ ತೊಡೆಗೆ ಗುದ್ದಿದೆ. ಎಡಕ್ಕೆ ಒಂದು ಗುದ್ದು, ಬಲಕ್ಕೆ ಎರಡು.

ನಿನ್ನ ಕಲ್ಲುಗಳನ್ನು ನೋಡಿದೆ. ನರ್ಸು ಓಡುತ್ತಿದ್ದಳು, ನಾನು ಗುದ್ದಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಯಾರೋ ದಿನಾ ಬಂದು ಕೂತು ಸವೆದ ಹಾಗೆ ಗುಳಿ ಇದೆ. ಕಾಯುವವರು ಕೂತ ಗುಳಿ. ಅದು ನಿನಗಲ್ಲದೆ ಬೇರೆಯವರಿಗೆ ಹೊಳೆಯುವುದಿಲ್ಲ.

ಕೊನೆಗೆ ಅವಳು ಕಂಡಳು. ದೂರದಲ್ಲಿ, ಕತ್ತಲಲ್ಲಿ, ಕೈಯಲ್ಲಿ ಚೂರಿ ಮಿಂಚಿತು. ನರ್ಸು "ಅಮ್ಮಾ!" ಅಂತ ಗುಂಡಿ ಬಿಟ್ಟಳು. ನಿನ್ನ ಮೇಲೆ, ಆ ಗಡ್ಡದವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆರಿಸು ಅಂತ ಗುದ್ದಿದೆ. ಆ ಹುಡುಗಿ ಅದನ್ನು ಬಲಕ್ಕೆ ಹೋಗು ಅಂತ ತಿಳಿದು ಮುಂದೆ ಹೋದಳು.

ದೀಪ ಹತ್ತಿರವಾಯಿತು. ಬೆಳಕು ಅವಳ ಕೈ ಮೇಲೆ ಬಿತ್ತು. ಅಲಗು ಮೆತ್ತಗಾಯಿತು ಕಣೇ. ಗಾಜಿನಲ್ಲಿ ಆಗುತ್ತಿದ್ದ ಹಾಗೆಯೇ, ನನ್ನ ಕಣ್ಣೆದುರಿಗೇ, ಮಡಿಕೆ ಮಡಿಕೆಯಾಗಿ ಬಟ್ಟೆಯಾಯಿತು. ಒಂದು ಕಾಲು ಹೊರಗೆ ಬಂತು. ಆ ಗಡ್ಡದವನು ನೆಲ ನೋಡುತ್ತಿದ್ದದ್ದು ಹೆದರಿಕೆಯಿಂದಲ್ಲ, ಲೆಕ್ಕ ಹಾಕುತ್ತಿದ್ದ ಅಂತ ಈಗ ತಿಳಿಯಿತು. ದೂರದಲ್ಲಿ ಯಜಮಾನಿಗೆ ಅವಳ ಚೂರಿ ಕೊಟ್ಟ, ಹತ್ತಿರದಲ್ಲಿ ನಮಗೆ ನಮ್ಮದನ್ನು ಕೊಟ್ಟ. ಅವನಿಗೆ ಒಂದು ಪತ್ರ ಬರಿ. ಬರೆಯದಿದ್ದರೆ ನಾನು ಬರೆಯುತ್ತೇನೆ.

ಆದರೆ ಮುಖ ಅವನು ಮಾಡಿದ್ದಲ್ಲ. ನನ್ನ ಕಿವಿಗೆ ಹೂ ಇಡಬೇಡ. ಪೆನ್ಸಿಲಿನಲ್ಲಿ ಕಳಿಸಿದ್ದ ಅದೇ ಕೆನ್ನೆ, ಅದೇ ಹುಬ್ಬು. ಗಂಟು ಮಾತ್ರ ಬಿಚ್ಚಿದೆ, ಗುಟ್ಟಾಗಿ ಬಿಚ್ಚಿದವಳು ನೀನೇ. ಮೆಟ್ಟಿಲು ಹತ್ತಿ ಸುಸ್ತಾಗಿ, ಆದರೂ ನನ್ನ ಮುಖ ಕಂಡ ತಕ್ಷಣ ಅವಳು ಹೀಗೇ ನೋಡುತ್ತಿದ್ದಳು. ಮದುವೆ ಫೋಟೋದಲ್ಲಿ ಆ ನೋಟ ಇಲ್ಲ, ನಿನಗೆ ನಾನು ಹೇಳಿಯೂ ಇರಲಿಲ್ಲ. ಕನ್ನಡಿ ಮುಂದೆ ಎಷ್ಟು ದಿನ ಕೂತೆಯೇ? ಗಂಟಲಿಲ್ಲದವಳು ನಾನು, ಆದರೂ ಏನೋ ಸದ್ದು ಹೊರಟಿರಬೇಕು. ನರ್ಸು ಬಂದು ತಬ್ಬಿಕೊಂಡಳು. ಅಷ್ಟರಲ್ಲಿ ಪರದೆ ಕಪ್ಪಾಯಿತು, ಮೊದಲಿನ ಹಾಗೆಯೇ. ಈ ಸಲ ಜಾಗ ಸಾಲದೆ ಅಲ್ಲ ಅಂದುಕೊಳ್ಳುತ್ತೇನೆ.

ಕೆಲಸ ಹೋದದ್ದಕ್ಕೆ ಬೈಯುವುದಿಲ್ಲ. ಮನೆಗೆ ಬಾ, ನಾಲ್ಕು ದಿನ ಇದ್ದು ಹೋಗು, ಆಮೇಲೆ ಮುಂದಿನದು ನೋಡೋಣ. ನಿಮ್ಮಮ್ಮನ ವಿಷಯ ಏನು ಬೇಕಾದರೂ ಕೇಳು. ಬರೆದು ಬರೆದು ಕೊಡುತ್ತೇನೆ, ಗೋಡೆ ಕಡೆ ತಿರುಗುವುದಿಲ್ಲ.

ಒಂದು ತಪ್ಪಾಗಿದೆ. ಕಾಲುಚೀಲ ಬಲಗಾಲಿನದು, ನೀವು ಎಡಗಾಲಿಗೆ ಹಾಕಿದ್ದೀರಿ. ಎಡಗಾಲಿನದನ್ನು ನೀನು ಮೆಟ್ಟಿಲಲ್ಲೇ ಒದ್ದು ಬೀಳಿಸುತ್ತಿದ್ದೆ. ನಾನು ದಿನಾ ಊಟ ಮುಗಿಸಿ ಇಳಿದು ಹೋಗಿ ಆ ಕತ್ತಲಲ್ಲಿ ತಡಕಾಡಿ ಹುಡುಕಿ ತರುತ್ತಿದ್ದೆ.

ಅತ್ತೆ